ಸ್ಟರ್ನ್‌ಡ್ರೈವ್ ಸ್ಟೀರಿಂಗ್ ಲೊಡಲೊಡ: ನಾನೇ ಬಿಚ್ಚಲಾ, ಶಾಪಿಗೆ ಕೊಡಲಾ?

ಅಲೆಮಾರಿ:
ಎಲ್ಲರಿಗೂ ನಮಸ್ಕಾರ. ಬೋಟು ಹಳೆಯದು, ಇಪ್ಪತ್ತು ವರ್ಷ ದಾಟಿದೆ. ಮರ್ಕ್ರೂಸರ್ ಆಲ್ಫಾ ಒನ್ ಜೆನ್ 2 ಸ್ಟರ್ನ್‌ಡ್ರೈವ್ (ಎಂಜಿನ್ ಬೋಟಿನ ಒಳಗೆ, ಪ್ರೊಪೆಲ್ಲರ್ ಇರುವ ಡ್ರೈವ್ ಹಿಂದುಗಡೆ ಹೊರಗೆ), ಪವರ್ ಸ್ಟೀರಿಂಗ್, ಕೇಬಲ್ ಹೆಲ್ಮ್. ಸ್ಟೀರಿಂಗ್ ವೀಲ್ ತಿರುಗಿಸಿದರೆ ಸುಮಾರು ಕಾಲು ಸುತ್ತು ಏನೂ ಆಗುವುದಿಲ್ಲ, ಆಮೇಲೆ ಹಿಂದೆ ಲೊಟಕ್ ಅಂತ ಶಬ್ದ ಬಂದು ಡ್ರೈವ್ ತಿರುಗುತ್ತದೆ. ಸ್ಪೀಡಿನಲ್ಲಿ ಹೋಗುವಾಗ ಕೈ ಯಾವಾಗಲೂ ಎಡಕ್ಕೆ ಬಲಕ್ಕೆ ಆಡಿಸುತ್ತಲೇ ಇರಬೇಕು.

ಶಾಪಿನವರು ಬೋಟಿನ ಹತ್ತಿರ ಕೂಡ ಬರಲಿಲ್ಲ. ಮಾತಿನಲ್ಲೇ ಕೇಳಿ "ಎಂಜಿನ್ ಹೊರಗೆ ತೆಗೀಬೇಕು" ಅಂದರು. ಅವರು ಹೇಳಿದ ಮೊತ್ತ ಕೇಳಿದ ಮೇಲೆ ನಾನೇ ಮಾಡಿದರೆ ಹೇಗೆ ಅನ್ನಿಸಿದೆ. ಎಂಜಿನ್ ಆಯಿಲ್, ಇಂಪೆಲ್ಲರ್, ಬೆಲ್ಟು ಎಲ್ಲ ನಾನೇ ಬದಲಿಸುತ್ತೇನೆ. ಡ್ರೈವ್ ಕೂಡ ಬಿಚ್ಚಿ ಕೆಳಗಿಳಿಸಿ ಮತ್ತೆ ಹಾಕಿದ್ದೇನೆ. ಸ್ಟೀರಿಂಗ್ ಮಾತ್ರ ಮುಟ್ಟಿಲ್ಲ. ಮಾಡಿದ ಅನುಭವ ಇರುವವರು ದಯವಿಟ್ಟು ಹೇಳಿ, ಇದು ಮನೆಯಲ್ಲಿ ಮಾಡುವ ಕೆಲಸವೇ?

ನೀರುಕೋಳಿ:
ಬೇಡ. ಬ್ರೇಕ್ ಇಲ್ಲದ ವಾಹನ ಅದು, ಸ್ಟೀರಿಂಗ್ ಒಂದೇ ಇರುವುದು. ಪ್ಲೇನಿಂಗ್ ಸ್ಪೀಡಿನಲ್ಲಿ (ಬೋಟು ನೀರಿನ ಮೇಲೆ ಎದ್ದು ಜಾರುವ ವೇಗದಲ್ಲಿ) ಒಂದು ಪಿನ್ ಕಳಚಿಕೊಂಡರೆ ಡ್ರೈವ್ ತಾನಾಗೇ ಒಂದು ಕಡೆಗೆ ಪೂರ್ತಿ ತಿರುಗಿಬಿಡುತ್ತದೆ. ಬೋಟು ಗಿರ್ರನೆ ಸುತ್ತುತ್ತದೆ, ಒಳಗಿದ್ದವರು ನೀರಿಗೆ ಹಾರುತ್ತಾರೆ. ದುಡ್ಡು ಉಳಿಸಲು ಬೇರೆ ಕೆಲಸ ಹುಡುಕಿಕೊಳ್ಳಿ.

ಹಳೇಪಾನಾ:
ನೀರುಕೋಳಿ ಹೇಳಿದ ಅಪಾಯ ನಿಜ. ಆದರೆ ಉತ್ತರ ಅಷ್ಟು ಬೇಗ ಕೊಡುವಂಥದ್ದಲ್ಲ. "ಸ್ಟೀರಿಂಗ್ ರಿಪೇರಿ" ಅನ್ನುವುದು ಒಂದು ಕೆಲಸ ಅಲ್ಲ, ಆರೇಳು ಬೇರೆ ಬೇರೆ ಕೆಲಸ. ಕೆಲವು ಅರ್ಧ ದಿನದಲ್ಲಿ ಮುಗಿಯುತ್ತವೆ, ಕೆಲವಕ್ಕೆ ನಿಜವಾಗಲೂ ಎಂಜಿನ್ ತೆಗೆಯಬೇಕು. ಪ್ಲೇ, ಅಂದರೆ ಸಡಿಲ ಅಲ್ಲಾಟ, ಎಲ್ಲಿದೆ ಅಂತ ಗೊತ್ತಾಗುವ ತನಕ ಮನೆಯೋ ಶಾಪೋ ಅನ್ನುವ ಪ್ರಶ್ನೆಯೇ ಹುಟ್ಟುವುದಿಲ್ಲ. ನೋಡದೆ "ಎಂಜಿನ್ ತೆಗೀಬೇಕು" ಅಂದ ಶಾಪು ಸರಿಯಾಗಿಯೇ ಊಹಿಸಿರಬಹುದು, ಆದರೂ ಅದು ಊಹೆ.

ವೀಲಿನಿಂದ ಹಿಂದಕ್ಕೆ ಹೋಗೋಣ. ಡ್ಯಾಶ್‌ಬೋರ್ಡ್ ಹಿಂದೆ ಹೆಲ್ಮ್, ಅಂದರೆ ಗೇರ್ ಇರುವ ಡಬ್ಬಿ. ಅದರಿಂದ ಕೇಬಲ್. ಕೇಬಲ್ ಕೊನೆಯ ರಾಡು ಒಂದು ಕ್ಲೆವಿಸ್ ಪಿನ್ (ಎರಡು ಭಾಗ ಕೂಡಿಸುವ ಅಡ್ಡ ಪಿನ್) ಮೂಲಕ ಪವರ್ ಸ್ಟೀರಿಂಗ್ ಸಿಲಿಂಡರಿಗೆ ಸೇರುತ್ತದೆ. ಅದು ಟ್ರಾನ್ಸಮ್ (ಬೋಟಿನ ಹಿಂದಿನ ಗೋಡೆ) ಒಳಗಡೆ ಇರುವ ಸ್ಟೀರಿಂಗ್ ಆರ್ಮನ್ನು ತಳ್ಳುತ್ತದೆ. ಆರ್ಮ್ ಕೂತಿರುವುದು ಸ್ವಿವೆಲ್ ಶಾಫ್ಟಿನ ತಲೆಯ ಮೇಲೆ. ಆ ಶಾಫ್ಟು ಗಿಂಬಲ್ ಹೌಸಿಂಗ್ (ಟ್ರಾನ್ಸಮ್ಮಿಗೆ ಹೊರಗಡೆ ಕೂರಿಸಿದ ಚೌಕಟ್ಟು) ತೂರಿ ಕೆಳಗಿಳಿದು, ಹೊರಗಡೆ ಗಿಂಬಲ್ ರಿಂಗಿನ ಚೌಕದ ತೂತಿನಲ್ಲಿ ಕೂರುತ್ತದೆ. ರಿಂಗಿಗೆ ಬೆಲ್ ಹೌಸಿಂಗ್, ಅದಕ್ಕೆ ಡ್ರೈವ್. ಇಷ್ಟರಲ್ಲಿ ಯಾವ ಜಾಯಿಂಟ್ ಸವೆದರೂ ವೀಲಿನಲ್ಲಿ ಒಂದೇ ಥರ ಕಾಣುತ್ತದೆ.

ಹೀಗೆ ಮಾಡಿ. ಬೋಟು ಟ್ರೇಲರ್ ಮೇಲಿರಲಿ, ಎಂಜಿನ್ ಆಫ್, ಕೀ ನಿಮ್ಮ ಜೇಬಿನಲ್ಲಿ, ಡ್ರೈವ್ ಪೂರ್ತಿ ಕೆಳಗೆ. ಒಬ್ಬರು ಹೊರಗೆ ನಿಂತು ಡ್ರೈವಿನ ಕೆಳತುದಿ ಹಿಡಿದು ಎಡಕ್ಕೆ ಬಲಕ್ಕೆ ಜಗ್ಗಲಿ. ನೀವು ಟಾರ್ಚ್ ಹಿಡಿದು ಎಂಜಿನ್ ಹಿಂದೆ ತಲೆ ತೂರಿಸಿ ನೋಡಿ.

ಡ್ರೈವ್ ಅಲ್ಲಾಡುತ್ತದೆ, ರಿಂಗ್ ಅಲ್ಲಾಡುವುದಿಲ್ಲ ಅಂದರೆ ಬೆಲ್ ಹೌಸಿಂಗನ್ನು ರಿಂಗಿಗೆ ಹಿಡಿದಿರುವ ಹಿಂಜ್ ಪಿನ್ ಬುಶ್‌ಗಳು ಹೋಗಿವೆ. ರಿಂಗ್ ಅಲ್ಲಾಡುತ್ತದೆ, ಒಳಗಿನ ಆರ್ಮ್ ಸುಮ್ನೆ ನಿಂತಿದೆ ಅಂದರೆ ರಿಂಗಿನ ಚೌಕದ ತೂತು ಅಥವಾ ಆರ್ಮ್ ಮತ್ತು ಶಾಫ್ಟು ಕೂಡುವ ಜಾಗ. ಆರ್ಮ್ ಆಡುತ್ತದೆ, ಕೇಬಲ್ ರಾಡು ಆಡುವುದಿಲ್ಲ ಅಂದರೆ ಕ್ಲೆವಿಸ್ ಅಥವಾ ಪವರ್ ಸ್ಟೀರಿಂಗ್ ವಾಲ್ವ್. ವಾಲ್ವಿನಲ್ಲಿ ಸ್ವಲ್ಪ ಪ್ಲೇ ಇರಲೇಬೇಕು, ಅದು ಕೆಲಸ ಮಾಡುವ ರೀತಿಯೇ ಅದು: ಕೇಬಲ್ ಮೊದಲು ವಾಲ್ವನ್ನು ಸರಿಸುತ್ತದೆ, ಆಮೇಲೆ ಒತ್ತಡ ಬರುತ್ತದೆ. ಅದನ್ನು ಸವೆತ ಅಂದುಕೊಂಡು ಬಿಚ್ಚಬೇಡಿ.

ಆಮೇಲೆ ಜಾಗ ಬದಲಿಸಿ. ಒಬ್ಬರು ವೀಲ್ ಸ್ವಲ್ಪ ಸ್ವಲ್ಪ ತಿರುಗಿಸಲಿ, ಕೇಬಲ್ ರಾಡು ಯಾವಾಗ ಹೊರಡುತ್ತದೆ ಅಂತ ನೋಡಿ. ವೀಲ್ ತಿರುಗಿದರೂ ರಾಡು ಹೊರಡದಿದ್ದರೆ ಹೆಲ್ಮ್ ಅಥವಾ ಕೇಬಲ್.

ಇದಕ್ಕೆ ಒಂದು ಪಾನಾ ಕೂಡ ಬೇಡ. ಫಲಿತಾಂಶ ಇಲ್ಲಿ ಹಾಕಿ, ಆಮೇಲೆ ಮಾತಾಡೋಣ.

ಗ್ರೀಸ್‌ಕೈ:
ನಾನು ಈ ಕೆಲಸವನ್ನೇ ಮಾಡಿ ಬದುಕುವವನು. ಆದ್ದರಿಂದ "ಶಾಪಿಗೆ ಕೊಡಿ" ಅಂದರೆ ಹೊಟ್ಟೆಪಾಡಿನ ಮಾತು ಅಂತೀರಿ, ಗೊತ್ತು. ಆದರೂ ಒಂದು ಮಾತು.

ಜನ "ನನ್ನ ಕೈಯಲ್ಲಿ ಆಗುತ್ತದಾ" ಅಂತ ಕೇಳಿಕೊಳ್ಳುತ್ತಾರೆ. ಬಿಚ್ಚುವುದು ಯಾರ ಕೈಯಲ್ಲಾದರೂ ಆಗುತ್ತದೆ. ಕೇಳಿಕೊಳ್ಳಬೇಕಾದ್ದು ಬೇರೆ: ಜೋಡಿಸಿದ ಮೇಲೆ ಅದು ಸರಿಯಾಗಿದೆ ಅಂತ ನಾನು ದಡದಲ್ಲೇ ಪರೀಕ್ಷೆ ಮಾಡಬಲ್ಲೆನಾ? ಕ್ಲೆವಿಸ್ ಪಿನ್ ಹಾಕಿದ್ದೀರಿ, ಕಾಟರ್ ಪಿನ್ ಮಡಚಿದ್ದು ಕಣ್ಣಿಗೆ ಕಾಣುತ್ತದೆ, ಬೇಕಾದಾಗ ಬಗ್ಗಿ ನೋಡಬಹುದು. ಅದನ್ನು ನೀವೇ ಮಾಡಿ. ಸ್ವಿವೆಲ್ ಶಾಫ್ಟಿನ ಮೇಲಿನ ನಟ್ ಹಾಗಲ್ಲ. ಒಮ್ಮೆ ಎಂಜಿನ್ ಕೂತಿತು ಅಂದರೆ ಮುಂದಿನ ವರ್ಷಗಳಲ್ಲಿ ಅದನ್ನು ಯಾರೂ ನೋಡುವುದಿಲ್ಲ. ಅಂಥ ಜಾಗದಲ್ಲಿ ಮ್ಯಾನುಯಲ್, ಟಾರ್ಕ್ ರೆಂಚ್, ಹೊಸ ನಟ್ ಮೂರೂ ಇಲ್ಲದೆ ಕೈ ಹಾಕಬಾರದು.

ಅಂದ ಹಾಗೆ ಸ್ಟೀರಿಂಗಿನಲ್ಲಿ ಎಲ್ಲೇ ಸೆಲ್ಫ್ ಲಾಕಿಂಗ್ ನಟ್ ತೆಗೆದರೂ ಮತ್ತೆ ಅದನ್ನೇ ಹಾಕಬೇಡಿ. ನೈಲಾನ್ ಸವೆದಿರುತ್ತದೆ, ಬೆರಳಲ್ಲೇ ತಿರುಗುತ್ತದೆ. ಕಾಟರ್ ಪಿನ್ ಕೂಡ ಒಮ್ಮೆ ಬಿಚ್ಚಿದರೆ ಎಸೆಯುವುದೇ. ಕಾರಿನ ಅಂಗಡಿಯ ಸಾದಾ ಸ್ಟೀಲ್ ಪಿನ್ ಬೇಡ, ಸ್ಟೇನ್‌ಲೆಸ್ ಹಾಕಿ.

ಅಲೆಮಾರಿ:
ಧನ್ಯವಾದ. ತಮ್ಮನನ್ನು ಕರೆದುಕೊಂಡು ಹಳೇಪಾನಾ ಹೇಳಿದ ಹಾಗೇ ನೋಡಿದೆ. ಅವನು ಹೊರಗೆ ಜಗ್ಗಿದ, ನಾನು ಒಳಗೆ ಬಗ್ಗಿದೆ.

ಎರಡು ಕಡೆ ಪ್ಲೇ ಇದೆ. ಜಾಸ್ತಿ ಇರುವುದು ರಿಂಗಿನಲ್ಲಿ. ಡ್ರೈವ್ ಜಗ್ಗಿದಾಗ ರಿಂಗ್ ಟಕ್ ಟಕ್ ಅಂತ ಎರಡೂ ಕಡೆ ಹೊಡೆಯುತ್ತದೆ, ಒಳಗಿನ ಆರ್ಮ್ ಮಿಸುಕುವುದಿಲ್ಲ. ಇನ್ನೊಂದು ಕ್ಲೆವಿಸ್ ಪಿನ್ನಿನಲ್ಲಿ, ಅದನ್ನು ಬೆರಳಲ್ಲಿ ಆಡಿಸಬಹುದು, ಮಧ್ಯದಲ್ಲಿ ಸೊಂಟದ ಹಾಗೆ ಸವೆದಿದೆ. ವೀಲ್ ಕಡೆಯಿಂದ ಕೇಬಲ್ ಸ್ವಲ್ಪ ಬಿಗಿ ಇದೆ, ಪ್ಲೇ ಅಷ್ಟಿಲ್ಲ.

ಇನ್ನೊಂದು ಕಂಡಿತು. ಆರ್ಮ್ ಕೆಳಗಡೆ, ಟ್ರಾನ್ಸಮ್ ಪ್ಲೇಟಿನ ಮೇಲೆ ಕಂದು ಬಣ್ಣದ ಗೆರೆ ಇಳಿದಿದೆ. ಕೆಳಗೆ ಬಿಲ್ಜಿನಲ್ಲಿ (ಬೋಟಿನ ಒಳತಳದಲ್ಲಿ) ಯಾವಾಗಲೂ ಸ್ವಲ್ಪ ನೀರು ಇರುತ್ತದೆ. ಇಷ್ಟು ದಿನ ಅದು ಮಳೆನೀರು ಅಂದುಕೊಂಡಿದ್ದೆ.

ಹಳೇಪಾನಾ:
ಆ ಕಂದು ಗೆರೆಯೇ ಎಲ್ಲಕ್ಕಿಂತ ಮುಖ್ಯ. ಸ್ವಿವೆಲ್ ಶಾಫ್ಟಿನ ಮೇಲಿನ ಸೀಲ್ ಸೋರುತ್ತಿದೆ. ಶಾಫ್ಟು ಬುಶ್‌ನಲ್ಲಿ ಆಡಲು ಶುರುವಾದರೆ ಸೀಲಿನ ತುಟಿ ಒಂದೇ ಕಡೆ ಸವೆಯುತ್ತದೆ, ಬೋಟು ಓಡುವಾಗ ನೀರು ಶಾಫ್ಟು ಹಿಡಿದು ಮೇಲೆ ಹತ್ತಿ ಒಳಗೆ ಇಳಿಯುತ್ತದೆ. ಆರ್ಮ್, ನಟ್, ಪವರ್ ಸ್ಟೀರಿಂಗ್ ಸಿಲಿಂಡರ್ ಎಲ್ಲ ಆ ನೀರಿನಲ್ಲಿ ತೊಯ್ದು ತುಕ್ಕು ಹಿಡಿಯುತ್ತವೆ.

ಹಾಗಾಗಿ ನಿಮಗೆ ರಿಂಗ್ ಒಂದೇ ಬದಲಿಸಿದರೆ ಸಾಲದು. ಶಾಫ್ಟು, ಬುಶ್, ಸೀಲ್, ಕೆಳಗಿನ ಸ್ವಿವೆಲ್ ಪಿನ್ ಎಲ್ಲ ಒಟ್ಟಿಗೆ. ಇದು ಟ್ರಾನ್ಸಮ್ ಒಳಗಿನ ಕೆಲಸ. ಶಾಪಿನವರ ಊಹೆ ಸರಿಯಾಗಿಯೇ ಇತ್ತು ಅನ್ನಬೇಕು.

ನೀರುಕೋಳಿ:
ರಿಂಗಿನ ಮೇಲ್ಗಡೆ ಕ್ಲ್ಯಾಂಪ್ ಬೋಲ್ಟ್ ಇರುತ್ತವೆ ಅಲ್ವಾ? ಅವನ್ನು ಬಿಗಿ ಮಾಡಿದರೆ ಪ್ಲೇ ಹೋಗುತ್ತದೆ ಅಂತ ಎಲ್ಲೋ ಓದಿದ್ದೆ. ಬೇಡ ಅಂದವನೇ ಕೇಳುತ್ತಿದ್ದೇನೆ, ನಗಬೇಡಿ. ನನ್ನ ಬೋಟಿನಲ್ಲೂ ಸ್ವಲ್ಪ ಲೊಟಕ್ ಇದೆ.

ಗ್ರೀಸ್‌ಕೈ:
ನಗುವುದೇನಿಲ್ಲ, ಮೊದಲು ನೋಡಬೇಕಾದ್ದೇ ಅದು. ರಿಂಗಿನ ತೂತಿನ ಪಕ್ಕ ಒಂದು ಸೀಳು ಇದೆ. ಬೋಲ್ಟ್ ಬಿಗಿ ಮಾಡಿದರೆ ಸೀಳು ಮುಚ್ಚುತ್ತಾ ತೂತು ಶಾಫ್ಟನ್ನು ಹಿಡಿಯುತ್ತದೆ. ಬೋಲ್ಟ್ ಬರೀ ಸಡಿಲವಾಗಿದ್ದು ತೂತು ಸವೆಯದೇ ಇದ್ದರೆ, ಮ್ಯಾನುಯಲಿನ ಟಾರ್ಕಿಗೆ ಬಿಗಿ ಮಾಡಿದಲ್ಲಿಗೆ ಕೆಲಸ ಮುಗಿಯಿತು. ನಿಮ್ಮದು ಹಾಗೇ ಇರಬಹುದು.

ಸೀಳನ್ನು ಬೆಳಕು ಹಾಕಿ ನೋಡಿ. ಎರಡೂ ತುದಿ ಒಂದಕ್ಕೊಂದು ತಾಗಿದ್ದರೆ ಇನ್ನು ಬಿಗಿ ಮಾಡಲು ಜಾಗವೇ ಇಲ್ಲ, ಎಷ್ಟು ಜೋರು ತಿರುಗಿಸಿದರೂ ಬೋಲ್ಟ್ ಮಾತ್ರ ಎಳೆಯುತ್ತದೆ. ಅಂಥ ರಿಂಗ್ ಮುಗಿದಿದೆ. ಜಾಗ ಇದ್ದರೂ, ಚೌಕದ ಮೂಲೆಗಳು ದುಂಡಗಾಗಿದ್ದರೆ ಬಿಗಿ ಮಾಡಿದ್ದು ಜಾಸ್ತಿ ದಿನ ನಿಲ್ಲುವುದಿಲ್ಲ. ಶಾಫ್ಟು ಸ್ಟೇನ್‌ಲೆಸ್, ರಿಂಗ್ ಅಲ್ಯೂಮಿನಿಯಂ. ಸೋಲುವುದು ಯಾವಾಗಲೂ ಅಲ್ಯೂಮಿನಿಯಮ್ಮೇ. ಅಲೆಮಾರಿ ಅವರ ರಿಂಗ್ ಟಕ್ ಟಕ್ ಅಂತ ಎರಡೂ ಕಡೆ ಹೊಡೆಯುತ್ತಿದೆ ಅಂದರೆ ಆ ಹಂತ ದಾಟಿದೆ.

ವೆಲ್ಡ್ ಮಾಡಿಸುತ್ತೇನೆ, ತೂತಿಗೆ ತಗಡು ತುಂಬುತ್ತೇನೆ ಅನ್ನುವವರೂ ಸಿಗುತ್ತಾರೆ. ಅದರ ಬಗ್ಗೆ ಚರ್ಚೆ ಕೂಡ ಬೇಡ.

ಬಿಲ್ಜ್‌ಬಾವಿ:
ಎಂಜಿನ್ ತೆಗೆಯದೇ ಮಾಡುವ ದಾರಿ ಇದೆ, ಯಾರೂ ಹೇಳಲೇ ಇಲ್ಲವಲ್ಲ! ಗಿಂಬಲ್ ಹೌಸಿಂಗಿಗೆ ಹೊರಗಡೆಯಿಂದ ತೂತು ಕೊರೆದು, ಆ ತೂತಿನಲ್ಲಿ ಸಾಕೆಟ್ ಹಾಕಿ ಶಾಫ್ಟಿನ ನಟ್ ತೆಗೆಯುವುದು. ಶಾಫ್ಟು ಕೆಳಗೆ ಜಾರುತ್ತದೆ, ರಿಂಗ್ ಹೊರಗೆ ಬರುತ್ತದೆ. ಹೊಸ ಬುಶ್, ಸೀಲ್, ಶಾಫ್ಟು, ರಿಂಗ್ ಹಾಕಿ ನಟ್ ಬಿಗಿ ಮಾಡಿ, ತೂತಿಗೆ ಥ್ರೆಡ್ ಹೊಡೆದು ಸೀಲಂಟ್ ಹಚ್ಚಿ ಪ್ಲಗ್ ಹಾಕುವುದು. ಇದಕ್ಕೇ ಅಂತ ಕಿಟ್ ಸಿಗುತ್ತದೆ, ಕೊರೆಯುವ ಜಾಗಕ್ಕೆ ಟೆಂಪ್ಲೇಟ್ ಕೂಡ ಬರುತ್ತದೆ. ನಾನು ನನ್ನ ಬೋಟಿಗೆ ಮಾಡಿದ್ದೇನೆ, ಒಂದು ಹನಿ ಸೋರಿಲ್ಲ. ಎಂಜಿನ್ ಮುಟ್ಟಿಲ್ಲ, ಕ್ರೇನ್ ಬೇಕಾಗಲಿಲ್ಲ.

ಗ್ರೀಸ್‌ಕೈ:
ಆ ದಾರಿ ಗೊತ್ತು. ಕೆಲವು ಶಾಪುಗಳೂ ಹಾಗೆ ಮಾಡುತ್ತವೆ. ನಾನು ಮಾಡುವುದಿಲ್ಲ, ಆದರೆ ಮಾಡುವವರನ್ನು ಮೂರ್ಖರು ಅನ್ನುವುದಿಲ್ಲ.

ನನ್ನ ತಕರಾರು ಪ್ಲಗ್ ಸೋರುತ್ತದೆ ಅಂತ ಅಲ್ಲ. ಚೆನ್ನಾಗಿ ಹಾಕಿದರೆ ಸೋರುವುದಿಲ್ಲ, ಬೋಟು ನೀರಿಗಿಳಿಸಿದ ತಕ್ಷಣ ಗೊತ್ತೂ ಆಗುತ್ತದೆ. ತಕರಾರು ಎರಡು. ಒಂದು, ತೂತು ಸ್ವಲ್ಪ ಅತ್ತಿತ್ತ ಆದರೆ ಇಡೀ ಗಿಂಬಲ್ ಹೌಸಿಂಗ್ ಹಾಳು. ಆಗ ಎಂಜಿನ್ ತೆಗೆಯಲೇಬೇಕು, ಜೊತೆಗೆ ಟ್ರಾನ್ಸಮ್ ಅಸೆಂಬ್ಲಿಯೇ ಬದಲಿಸಬೇಕು. ಎರಡು, ಆ ತೂತಿನಿಂದ ಆರ್ಮ್ ಪೂರ್ತಿ ಕಾಣುವುದಿಲ್ಲ. ಇವರದ್ದು ವರ್ಷಗಟ್ಟಲೆ ನೀರು ಕುಡಿದ ಆರ್ಮ್. ಅದರಲ್ಲಿ ಬಿರುಕು ಇದೆಯಾ, ಶಾಫ್ಟು ಕೂರುವ ಜಾಗ ಸವೆದಿದೆಯಾ ಅಂತ ಕೈಯಲ್ಲಿ ಹಿಡಿದು ನೋಡಬೇಕು. ಹೊಸ ಶಾಫ್ಟನ್ನು ಸವೆದ ಆರ್ಮಿಗೆ ಸಿಕ್ಕಿಸಿದರೆ ಪ್ಲೇ ಅಲ್ಲಿಂದ ಮತ್ತೆ ಶುರು.

ನಿಮ್ಮದು ಉಪ್ಪುನೀರಾ, ಸಿಹಿನೀರಾ?

ಬಿಲ್ಜ್‌ಬಾವಿ:
ಸಿಹಿನೀರು. ಹ್ಞೂಂ, ಅದು ವ್ಯತ್ಯಾಸ ಮಾಡುತ್ತದೆ, ಒಪ್ಪುತ್ತೇನೆ. ನಟ್ ಸಲೀಸಾಗಿ ಬಂತು. ಶಾಫ್ಟು ರಿಂಗಿನಲ್ಲಿ ಕಚ್ಚಿಕೊಂಡಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಆದರೂ ಇಷ್ಟು ಹೇಳುತ್ತೇನೆ: ಬೋಟಿನ ಬೆಲೆಗಿಂತ ರಿಪೇರಿ ಬೆಲೆ ಜಾಸ್ತಿ ಆಗುವ ಹೊತ್ತಿಗೆ ಜನ ರಿಪೇರಿ ಮಾಡಿಸದೇ ಹಾಗೇ ಓಡಿಸುತ್ತಾರೆ. ಅದಕ್ಕಿಂತ ನನ್ನ ದಾರಿ ವಾಸಿ.

ಗ್ರೀಸ್‌ಕೈ:
ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನಿಜ.

ಟ್ರಾನ್ಸಮ್‌ತಾತ:
ಎಲ್ಲರೂ ಲೋಹದ ಬಗ್ಗೆ ಮಾತಾಡುತ್ತಿದ್ದೀರಿ, ಹಲಗೆ ಬಗ್ಗೆ ಯಾರೂ ಕೇಳಲಿಲ್ಲ. ಹಳೆಯ ಫೈಬರ್‌ಗ್ಲಾಸ್ ಬೋಟುಗಳಲ್ಲಿ ಟ್ರಾನ್ಸಮ್ ಒಳಗೆ ಪ್ಲೈವುಡ್ ಇರುತ್ತದೆ. ಒಳಗೆ ನೀರು ನಿಂತಿದೆ ಅಂತೀರಿ. ಯಾವುದಾದರೂ ಸ್ಕ್ರೂ ತೂತಿನಿಂದ ಆ ನೀರು ಹಲಗೆಗೆ ಇಳಿದಿರಬಹುದು. ಇಡೀ ಡ್ರೈವ್ ನೇತಾಡುವುದು ಆ ಹಲಗೆಯ ಮೇಲೆ.

ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಟ್ರಾನ್ಸಮ್ ಪೂರ್ತಿ ತಟ್ಟಿ. ಗಟ್ಟಿ ಇದ್ದರೆ ಠಣ್ ಅನ್ನುತ್ತದೆ, ಕೊಳೆತಿದ್ದರೆ ಬೊದ್ ಅನ್ನುತ್ತದೆ. ಕೆಳಭಾಗವನ್ನು, ಮುಖ್ಯವಾಗಿ ಡ್ರೈವ್ ಸುತ್ತ ಜಾಸ್ತಿ ತಟ್ಟಿ. ಆಮೇಲೆ ಡ್ರೈವ್ ಹಿಡಿದು ಮೇಲೆ ಕೆಳಗೆ ಜಗ್ಗುವಾಗ ಟ್ರಾನ್ಸಮ್ ಪ್ಲೇಟಿನ ಅಂಚು ಬೋಟಿನಿಂದ ಸರಿಯುತ್ತದಾ ನೋಡಿ. ಸರಿದರೆ ಸ್ಟೀರಿಂಗ್ ರಿಪೇರಿಯ ಮಾತು ಆಮೇಲೆ. ಕೊಳೆತ ಹಲಗೆಗೆ ಹೊಸ ರಿಂಗ್ ಹಾಕುವುದು ಗೆದ್ದಲು ಹಿಡಿದ ಬಾಗಿಲಿಗೆ ಹೊಸ ಬೀಗ ಹಾಕಿದ ಹಾಗೆ.

ಅಲೆಮಾರಿ:
ತಟ್ಟಿ ನೋಡಿದೆ. ಎಲ್ಲ ಕಡೆ ಗಟ್ಟಿ ಶಬ್ದವೇ. ಕೆಳಗಡೆ ಡ್ರೈನ್ ಪ್ಲಗ್ ಹತ್ತಿರ ಮಾತ್ರ ಸ್ವಲ್ಪ ಅನುಮಾನ, ಒಂದು ಸ್ಕ್ರೂ ತೆಗೆದು ಸಣ್ಣ ಬಿಟ್ ತಿರುಗಿಸಿದರೆ ಒಣಗಿದ ತಿಳಿ ಹಳದಿ ಪುಡಿ ಬಂತು. ಇದು ಒಳ್ಳೆಯದೇ ಅಲ್ವಾ?

ಟ್ರಾನ್ಸಮ್‌ತಾತ:
ಒಳ್ಳೆಯದೇ. ಕಪ್ಪಗೆ, ಒದ್ದೆಯಾಗಿ ಬಂದಿದ್ದರೆ ಚಿಂತೆ. ಆ ತೂತಿಗೆ ಎಪಾಕ್ಸಿ ತುಂಬಿ ಮುಚ್ಚಿ, ಹಾಗೇ ಬಿಡಬೇಡಿ.

ಗಾಳಿಮುಖ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನದು ಇದರ ಉಲ್ಟಾ ಸಮಸ್ಯೆ. ಪ್ಲೇ ಇಲ್ಲ, ಆದರೆ ವೀಲ್ ಕಲ್ಲಿನ ಹಾಗೆ ಬಿಗಿ. ಪವರ್ ಸ್ಟೀರಿಂಗ್ ಇಲ್ಲದ ಹಳೆಯ ಡ್ರೈವ್. ಇದೂ ಸ್ವಿವೆಲ್ ಶಾಫ್ಟೇ?

ಹಳೇಪಾನಾ:
ಕೇಬಲ್ ರಾಡನ್ನು ಆರ್ಮಿನಿಂದ ಬಿಚ್ಚಿ. ಈಗ ವೀಲ್ ತಿರುಗಿಸಿ. ಇನ್ನೂ ಬಿಗಿ ಇದ್ದರೆ ಕೇಬಲ್ ಅಥವಾ ಹೆಲ್ಮ್. ವೀಲ್ ಹಗುರಾಗಿದ್ದು ಡ್ರೈವ್ ಕೈಯಲ್ಲಿ ತಿರುಗಿಸಲು ಬಿಗಿ ಇದ್ದರೆ ಶಾಫ್ಟಿನ ಬುಶ್. ಹತ್ತರಲ್ಲಿ ಒಂಬತ್ತು ಸಲ ಕೇಬಲ್ಲೇ.

ಕೇಬಲ್ ರಿಪೇರಿ ಅನ್ನುವುದು ಇಲ್ಲ, ಬದಲಿಸುವುದೇ. ಬಿಗಿ ಆದ ಕೇಬಲನ್ನು ಬಲ ಹಾಕಿ ತಿರುಗಿಸುತ್ತಾ ಓಡಿಸುವವರು ಇದ್ದಾರೆ, ಅದು ಒಂದು ದಿನ ಒಳಗೇ ಮುರಿಯುತ್ತದೆ. ತುದಿಯಲ್ಲಿ ಗ್ರೀಸ್ ನಿಪ್ಪಲ್ ಇದ್ದರೆ ಮೊದಲು ವೀಲ್ ತಿರುಗಿಸಿ ರಾಡು ಪೂರ್ತಿ ಒಳಗೆ ಸೇರಿಸಿ, ಆಮೇಲೆ ಗ್ರೀಸ್ ಹೊಡೆಯಿರಿ. ರಾಡು ಹೊರಗಿದ್ದಾಗ ಗ್ರೀಸ್ ತುಂಬಿದರೆ ಅದು ಒಳಗೆ ಬರಲು ಜಾಗವಿಲ್ಲದೆ ಅಲ್ಲೇ ಲಾಕ್ ಆಗಿಬಿಡುತ್ತದೆ. ನೀರಿನ ಮಧ್ಯೆ ಹಾಗಾದರೆ ಯೋಚಿಸಿ.

ಅಲೆಮಾರಿ:
ನನ್ನ ಕೇಬಲ್ಲೂ ಬಿಗಿ ಇದೆ ಅಂದೆನಲ್ಲ, ಅದನ್ನೂ ಬದಲಿಸುತ್ತೇನೆ. ಅದಕ್ಕೆ ಅಳತೆ ಹೇಗೆ ತೆಗೆಯುವುದು?

ಉಳಿದದ್ದಕ್ಕೆ ನಾನು ಯೋಚಿಸಿದ್ದು ಹೀಗೆ. ಹೆಲ್ಮ್, ಕೇಬಲ್, ಕ್ಲೆವಿಸ್ ನಾನೇ. ಡ್ರೈವ್ ಕೆಳಗಿಳಿಸುವುದೂ ನಾನೇ. ಎಂಜಿನ್ ಎತ್ತಲು ನನ್ನ ಹತ್ತಿರ ಗಟ್ಟಿ ತೊಲೆಯೂ ಇಲ್ಲ, ಚೈನ್ ಬ್ಲಾಕೂ ಇಲ್ಲ. ತೂತು ಕೊರೆಯುವ ದಾರಿ ಆಕರ್ಷಕವಾಗಿದೆ, ಆದರೆ ನನ್ನದು ಉಪ್ಪುನೀರಿನ ಬೋಟು, ಆರ್ಮ್ ಕೆಂಪಗೆ ತುಕ್ಕು ಹಿಡಿದಿದೆ. ಅದನ್ನು ಹೊರಗೆ ತೆಗೆದು ನೋಡದೆ ನನಗೆ ಸಮಾಧಾನ ಆಗುವುದಿಲ್ಲ. ಹಾಗಾಗಿ ಸ್ವಿವೆಲ್ ಶಾಫ್ಟು ಮತ್ತು ರಿಂಗ್ ಶಾಪಿಗೆ. ಬೇರೆ ಶಾಪಿಗೆ, ಬಂದು ನೋಡುವವರಿಗೆ.

ಗ್ರೀಸ್‌ಕೈ:
ಹಂಚಿಕೊಂಡಿದ್ದು ಸರಿಯಾಗಿದೆ. ಬಹಳ ಶಾಪುಗಳು ಡ್ರೈವ್ ಬಿಚ್ಚಿ ತಂದ ಬೋಟಿಗೆ ಕಡಿಮೆ ಕೂಲಿ ಹಾಕುತ್ತವೆ, ಮೊದಲೇ ಮಾತಾಡಿಕೊಳ್ಳಿ. ಎಂಜಿನಿನ ವೈರಿಂಗ್ ಪ್ಲಗ್, ಹೋಸ್, ಥ್ರಾಟಲ್ ಕೇಬಲ್ ಬಿಚ್ಚುವ ಮುಂಚೆ ಫೋಟೋ ತೆಗೆದು ಅವರಿಗೂ ಕೊಡಿ.

ಡ್ರೈವ್ ತೆಗೆಯುವಾಗ ಆಲ್ಫಾ ಫಾರ್ವರ್ಡ್ ಗೇರಿನಲ್ಲಿರಲಿ. ಮರ್ಕ್ರೂಸರಿನದ್ದೇ ಇನ್ನೊಂದು ಡ್ರೈವ್ ಬ್ರಾವೋ ಆಗಿದ್ದರೆ ನ್ಯೂಟ್ರಲ್. ಬೆಲ್ ಹೌಸಿಂಗಿಗೆ ಹಿಡಿದ ಆರು ನಟ್ ಬಿಚ್ಚುವ ಮೊದಲು ಡ್ರೈವಿಗೆ ಆಧಾರ ಕೊಟ್ಟಿರಬೇಕು, ಒಬ್ಬರೇ ಹಿಡಿದುಕೊಳ್ಳುವ ತೂಕ ಅಲ್ಲ ಅದು. ವಾಪಸ್ ಹಾಕುವಾಗ ಆ ನಟ್‌ಗಳ ಟಾರ್ಕ್ 68 ನ್ಯೂಟನ್ ಮೀಟರ್.

ಎಂಜಿನ್ ಹೊರಗಿರುವಾಗ ಅರ್ಧ ಕೆಲಸ ಮಾಡಿಸಬೇಡಿ. ಗಿಂಬಲ್ ಬೇರಿಂಗ್, ಯೂ ಜಾಯಿಂಟ್ ಬೆಲ್ಲೋಸ್ (ನೀರು ತಡೆಯುವ ಮಡಿಕೆಯ ರಬ್ಬರ್ ಕೊಳವೆ), ಎಕ್ಸಾಸ್ಟ್ ಬೆಲ್ಲೋಸ್, ಶಿಫ್ಟ್ ಕೇಬಲ್, ನೀರಿನ ಹೋಸ್ ಎಲ್ಲ ಅಲ್ಲೇ ಕೈಗೆ ಸಿಗುತ್ತವೆ. ಯೂ ಜಾಯಿಂಟ್ ಬೆಲ್ಲೋಸ್ ಹರಿದರೆ ಮೊದಲು ಗಿಂಬಲ್ ಬೇರಿಂಗ್ ತುಕ್ಕು ಹಿಡಿದು ಕೂಗುತ್ತದೆ, ಆಮೇಲೆ ಬೋಟಿಗೇ ನೀರು. ಮಡಿಕೆಗಳನ್ನು ಬೆರಳಲ್ಲಿ ಅಗಲಿಸಿ ನೋಡಿ, ಸಣ್ಣ ಬಿರುಕು ಕಂಡರೂ ಬದಲಿಸಿ.

ಕೊನೆಗೆ ಅಲೈನ್‌ಮೆಂಟ್. ಎಂಜಿನ್ ಕೂರಿಸಿದ ಮೇಲೆ ಅಲೈನ್‌ಮೆಂಟ್ ಬಾರ್ ಗಿಂಬಲ್ ಬೇರಿಂಗ್ ತೂರಿ ಎಂಜಿನ್ ಕಪ್ಲರ್ ಒಳಗೆ ಎರಡು ಬೆರಳಿನ ಬಲದಲ್ಲಿ ಜಾರಬೇಕು, ಹಾಗೇ ಹೊರಗೂ ಬರಬೇಕು. ಬಾರ್ ತುದಿಗೆ ಗ್ರೀಸ್ ಹಚ್ಚಿ ತಳ್ಳಿ ತೆಗೆದರೆ ಕಪ್ಲರಿನ ಹಲ್ಲುಗಳ ಗುರುತು ಗ್ರೀಸಿನಲ್ಲಿ ಮೂಡುತ್ತದೆ. ಸುತ್ತಲೂ ಒಂದೇ ಸಮ ಇದ್ದರೆ ಸರಿ. ಮೇಲೆ ಆಳವಾಗಿ, ಕೆಳಗೆ ಮಸುಕಾಗಿ ಇದ್ದರೆ ಮುಂದಿನ ಮೌಂಟ್ ಏರಿಸಬೇಕೋ ಇಳಿಸಬೇಕೋ ನೋಡಬೇಕು. ಶಾಪಿನವರು ಇದನ್ನು ಮಾಡುವಾಗ ಪಕ್ಕದಲ್ಲಿ ನಿಂತು ನೋಡುತ್ತೇನೆ ಅನ್ನಿ. ಒಳ್ಳೆಯ ಕೆಲಸಗಾರ ಬೇಡ ಅನ್ನುವುದಿಲ್ಲ.

ಹಳೇಪಾನಾ:
ಕೇಬಲ್ ಅಳತೆಗೆ: ಹಳೆಯ ಕೇಬಲಿನ ಹೊರಕವಚದ ಮೇಲೆ ಭಾಗದ ನಂಬರ್ ಮುದ್ರಿಸಿರುತ್ತಾರೆ, ಸಾಮಾನ್ಯವಾಗಿ ಕೊನೆಯ ಎರಡಂಕಿ ಅಡಿಯಲ್ಲಿ ಉದ್ದ ಹೇಳುತ್ತದೆ. ಅಳಿಸಿಹೋಗಿದ್ದರೆ ಕೇಬಲ್ ತೆಗೆದು ನೆಲದ ಮೇಲೆ ನೆಟ್ಟಗೆ ಮಾಡಿ ಅಳೆದು, ಹೆಲ್ಮ್ ತಯಾರಿಸಿದವರು ಹೇಳಿದ ರೀತಿ ಲೆಕ್ಕ ಹಾಕಿ. ಉದ್ದ ಜಾಸ್ತಿ ಆದರೆ ಎಲ್ಲೋ ಸುರುಳಿ ಬಿಡಬೇಕು, ಕಡಿಮೆ ಆದರೆ ಚೂಪಾದ ತಿರುವು ಬರುತ್ತದೆ. ಎರಡರಲ್ಲೂ ವೀಲ್ ಬಿಗಿ ಆಗುತ್ತದೆ.

ಹೆಲ್ಮ್ ಮತ್ತು ಕೇಬಲ್ ಒಂದೇ ಜಾತಿಯದ್ದಾಗಿರಬೇಕು. ಒಬ್ಬರ ಹೆಲ್ಮಿಗೆ ಇನ್ನೊಬ್ಬರ ಕೇಬಲ್ ಕೂತ ಹಾಗೆ ಕಾಣಬಹುದು, ಹಲ್ಲು ಹೊಂದುವುದಿಲ್ಲ. ಅನುಮಾನ ಇದ್ದರೆ ಎರಡೂ ಸೇರಿದ ಕಿಟ್ ತೆಗೆದುಕೊಳ್ಳಿ. ಹಳೆಯದನ್ನು ಎಳೆಯುವ ಮುಂಚೆ ಅದರ ತುದಿಗೆ ಒಂದು ಹಗ್ಗ ಕಟ್ಟಿ. ಕೇಬಲ್ ಹೊರಗೆ ಬಂದಾಗ ಹಗ್ಗ ದಾರಿಯಲ್ಲೇ ಇರುತ್ತದೆ, ಅದರಿಂದ ಹೊಸದನ್ನು ಎಳೆಯಬಹುದು. ಇಲ್ಲದಿದ್ದರೆ ಸೈಡ್ ಪ್ಯಾನಲ್ ಒಳಗೆ ಕೈ ತೂರಿಸಿ ಹುಡುಕುತ್ತಾ ಕೂರಬೇಕು.

ಹಿಂದುಗಡೆ ಕೇಬಲಿನ ದೊಡ್ಡ ನಟ್ ಬಿಗಿ ಮಾಡಿದ ಮೇಲೆ ಅದಕ್ಕೆ ಲಾಕ್ ಇದೆಯಾ ನೋಡಿ. ಬರೀ ಬಿಗಿ ಮಾಡಿ ಬಿಟ್ಟ ನಟ್ ಎಂಜಿನ್ ಅದುರಿಗೆ ಸಡಿಲ ಆಗುತ್ತದೆ.

ಬಿಲ್ಜ್‌ಬಾವಿ:
ಪವರ್ ಸ್ಟೀರಿಂಗ್ ಹೋಸ್ ಬಿಚ್ಚಿದ ಮೇಲೆ ಗಾಳಿ ತೆಗೆಯುವುದು ಮರೆಯಬೇಡಿ. ಎಂಜಿನ್ ಆಫ್ ಇದ್ದಾಗಲೇ ವೀಲ್ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಿಧಾನ ತಿರುಗಿಸಿ, ಫ್ಲೂಯಿಡ್ ನೋಡಿ ತುಂಬಿ. ಆಮೇಲೆ ಎಂಜಿನ್ ಚಾಲೂ ಮಾಡಿ ಮತ್ತೆ ಹಾಗೇ. ನೊರೆ ಹೋಗುವ ತನಕ. ಫ್ಲೂಯಿಡ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಗಾಳಿ ಅಥವಾ ನೀರು ಸೇರಿದೆ. ಮತ್ತೆ ದಡದಲ್ಲಿ ಎಂಜಿನ್ ಚಾಲೂ ಮಾಡುವಾಗ ನೀರಿನ ಮಫ್ (ಡ್ರೈವಿನ ನೀರೆಳೆಯುವ ತೂತುಗಳಿಗೆ ಪೈಪಿನ ನೀರು ಕೊಡುವ ರಬ್ಬರ್ ಬಟ್ಟಲು) ಹಾಕಿರಿ, ಒಣ ಓಡಿಸಿದರೆ ಇಂಪೆಲ್ಲರ್ ಸುಟ್ಟುಹೋಗುತ್ತದೆ. ಬ್ಲೋವರ್ (ಎಂಜಿನ್ ಕೋಣೆಯ ಪೆಟ್ರೋಲ್ ಆವಿ ಹೊರಹಾಕುವ ಫ್ಯಾನ್) ಮೊದಲು ಹಾಕಿ, ಎಂಜಿನ್ ಆಮೇಲೆ.

ನೀರುಕೋಳಿ:
ನನ್ನ ರಿಂಗಿನ ಸೀಳು ನೋಡಿದೆ. ಇನ್ನೂ ಜಾಗ ಇದೆ, ಮೂಲೆಯೂ ಚೂಪಾಗೇ ಕಾಣುತ್ತದೆ. ಬೋಲ್ಟ್ ಸಡಿಲವಿತ್ತು. ಬಿಗಿ ಮಾಡಿದೆ, ಲೊಟಕ್ ಹೋಯಿತು. ಆದರೆ ನಿಧಾನ ಹೋಗುವಾಗ ಬೋಟು ಈಗಲೂ ಅತ್ತಿತ್ತ ಅಲೆಯುತ್ತದೆ. ನಾನು ವೀಲ್ ಹಿಡಿದು ಸುಮ್ನೆ ಕೂತರೂ ನೆಟ್ಟಗೆ ಹೋಗುವುದಿಲ್ಲ. ಇದಕ್ಕೇನು?

ಗ್ರೀಸ್‌ಕೈ:
ಅದಕ್ಕೆ ಏನೂ ಇಲ್ಲ. ವೀ ಆಕಾರದ ತಳ, ಒಂದೇ ಡ್ರೈವ್ ಇರುವ ಬೋಟು ಐಡಲ್ ಸ್ಪೀಡಿನಲ್ಲಿ ಅಲೆಯುವುದು ಅದರ ಗುಣ. ಡ್ರೈವಿಗೆ ಚುಕ್ಕಾಣಿಯ ಹಾಗೆ ದೊಡ್ಡ ಹಲಗೆ ಇಲ್ಲ, ಪ್ರೊಪೆಲ್ಲರ್ ತಳ್ಳುವ ನೀರೇ ದಿಕ್ಕು ಕೊಡಬೇಕು. ವೇಗ ಕಡಿಮೆ ಆದಷ್ಟು ಆ ನೀರೂ ಕಡಿಮೆ. ಬೋಟು ತಿರುಗಿದ ಮೇಲೆ ನೀವು ವೀಲ್ ತಿರುಗಿಸುತ್ತೀರಿ, ಅದು ತಡವಾಗಿ ಕೇಳಿ ಆಚೆ ಕಡೆ ಹೋಗುತ್ತದೆ. ಡ್ರೈವ್ ಪೂರ್ತಿ ಕೆಳಗೆ ಇಳಿಸಿ, ವೀಲ್ ನೇರ ಹಿಡಿದು ಸ್ವಲ್ಪ ಹೊತ್ತು ಸುಮ್ನೆ ಬಿಡಿ, ಅಲೆದಾಟ ಅರ್ಧಕ್ಕೆ ಇಳಿಯುತ್ತದೆ.

ಪ್ಲೇನಿಂಗ್ ಸ್ಪೀಡಿನಲ್ಲಿ ಒಂದೇ ಕಡೆಗೆ ಎಳೆಯುತ್ತಿದ್ದರೆ ಅದು ಬೇರೆ. ಒಂದು ಪ್ರೊಪೆಲ್ಲರ್ ಇರುವ ಡ್ರೈವಿನಲ್ಲಿ ಪ್ರೊಪೆಲ್ಲರಿನ ಮೇಲ್ಗಡೆ ಸಣ್ಣ ರೆಕ್ಕೆಯ ಹಾಗೆ ಟ್ರಿಮ್ ಟ್ಯಾಬ್ ಇರುತ್ತದೆ. ವೀಲ್ ಯಾವ ಕಡೆಗೆ ಸುಲಭವಾಗಿ ತಿರುಗುತ್ತದೋ ಟ್ಯಾಬಿನ ಹಿಂದಿನ ಅಂಚನ್ನು ಅದೇ ಕಡೆಗೆ ಸ್ವಲ್ಪ ತಿರುಗಿಸಿ ಬೋಲ್ಟ್ ಬಿಗಿ ಮಾಡಿ, ಓಡಿಸಿ ನೋಡಿ, ಬೇಕಾದರೆ ಇನ್ನೂ ಸ್ವಲ್ಪ. ಎರಡು ಪ್ರೊಪೆಲ್ಲರ್ ವಿರುದ್ಧ ದಿಕ್ಕಿಗೆ ತಿರುಗುವ ಬ್ರಾವೋ ತ್ರೀ, ಡ್ಯುಯೋಪ್ರಾಪ್ ಥರದ ಡ್ರೈವುಗಳಲ್ಲಿ ಈ ಎಳೆತ ಹೆಚ್ಚುಕಡಿಮೆ ಇರುವುದೇ ಇಲ್ಲ. ಅಲ್ಲಿ ಎಳೆದರೆ ಟ್ಯಾಬ್ ಹುಡುಕಬೇಡಿ, ಪ್ಲೇ ಹುಡುಕಿ.

ಅಲೆಮಾರಿ:
ಕೇಬಲ್ ಕಿಟ್ ಬಂದಿದೆ. ಎರಡನೇ ಶಾಪಿನವರು ಬೋಟಿನ ಹತ್ತಿರ ಬಂದು, ಡ್ರೈವ್ ಜಗ್ಗಿ, ಒಳಗೆ ಬಗ್ಗಿ ನೋಡಿ, ರಿಂಗ್ ಮತ್ತು ಸೀಲ್ ಅಂತ ಅವರೇ ಹೇಳಿದರು. ಡ್ರೈವ್ ನಾನೇ ಇಳಿಸಿ ಕೊಡುತ್ತೇನೆ ಅಂದಿದ್ದಕ್ಕೆ ಕೂಲಿ ಇಳಿಸಲು ಒಪ್ಪಿದರು. ಆರ್ಮ್ ಬದಲಿಸಬೇಕಾ ಅಂತ ಬಿಚ್ಚಿದ ಮೇಲೆ ನನ್ನನ್ನು ಕರೆದು ತೋರಿಸಿ ನಿರ್ಧರಿಸೋಣ ಅಂದಿದ್ದಾರೆ.

ಕೇಬಲನ್ನು ಎಂಜಿನ್ ತೆಗೆಯುವ ಮುಂಚೆ ಹಾಕಲಾ, ಆಮೇಲೆ ಹಾಕಲಾ?

ಹಳೇಪಾನಾ:
ಹಳೆಯದನ್ನು ಈಗಲೇ ತೆಗೆದು ಹಗ್ಗ ಬಿಟ್ಟಿರಿ. ಹೊಸದನ್ನು ಎಂಜಿನ್ ಹೊರಗಿರುವಾಗ ಹಾಕಿ, ಹಿಂದಿನ ನಟ್ ಹಿಡಿಯಲು ಕೈಗೆ ಅಷ್ಟು ಜಾಗ ಇನ್ನು ಯಾವತ್ತೂ ಸಿಗುವುದಿಲ್ಲ. ಶಾಪಿನವರನ್ನು ಮೊದಲೇ ಕೇಳಿಟ್ಟುಕೊಳ್ಳಿ, ಎಂಜಿನ್ ಕೂರಿಸುವ ಹಿಂದಿನ ದಿನ ನಿಮ್ಮನ್ನು ಕರೆಯಲಿ.